ಲಾ ಕಾಲೇಜಿಗೆ ಸೇರುವ ಮುನ್ನ: ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ಹೆಜ್ಜೆ ಹೆಜ್ಜೆಯ ಲೆಕ್ಕ

ಜೂನ್ ಬಂತೆಂದರೆ ನನ್ನ ಆಫೀಸಿನ ಬೆಂಚಿನ ಮೇಲೆ ಕಕ್ಷಿದಾರರ ಜೊತೆ ಇನ್ನೊಂದು ಗುಂಪೂ ಬಂದು ಕೂರುತ್ತದೆ. ಅಪ್ಪ, ಮಗ. ಇಲ್ಲಾಂದ್ರೆ ಅಣ್ಣ, ತಂಗಿ. ಕೈಯಲ್ಲಿ ಮಾರ್ಕ್ಸ್‌ಕಾರ್ಡ್ ತುಂಬಿದ ಪ್ಲಾಸ್ಟಿಕ್ ಕವರು. "ಕಾಕಾ, ಈಕಿ ಲಾ ಮಾಡ್ತೀನಂತಾಳ. ಯಾವ ಕಾಲೇಜ್ ಚಲೋ ಐತ್ರಿ?"

ನಾನು ತಿರುಗಿ ಕೇಳುವುದು ಒಂದೇ. "ಮುಗಿಸಿದ ಮ್ಯಾಗ ಎಲ್ಲಿ ಕುಂದರ್ತಿ ಯವ್ವಾ?"

ಹುಡುಗಿ ಅಪ್ಪನ ಮುಖ ನೋಡುತ್ತಾಳೆ, ಅಪ್ಪ ಫ್ಯಾನ್ ನೋಡುತ್ತಾನೆ. ಯಾರೂ ಇದನ್ನು ಯೋಚಿಸಿರುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಗೆಳೆಯ ಸೇರಿದ, ನಾನೂ ಸೇರಿದೆ. ಹಾಜರಿ ತಾನಾಗಿಯೇ ಬೀಳುತ್ತಿತ್ತು, ಗೈಡ್ ಓದಿ ಪಾಸಾದೆ. ಕೋಟು ಹಾಕಿಕೊಂಡು ಮೊದಲ ದಿನ ಕೋರ್ಟಿಗೆ ಹೋದಾಗ ಆ ದಿನದ ಕೇಸುಗಳ ಪಟ್ಟಿಯಾದ ಕಾಸ್ ಲಿಸ್ಟ್‌ನಲ್ಲಿ ನಮ್ಮ ಸೀನಿಯರ್ ಕೇಸು ಎಲ್ಲಿದೆ ಎಂದು ಹುಡುಕಲು ಬರಲಿಲ್ಲ. ಬೆಂಚ್ ಕ್ಲರ್ಕ್ ಕರುಣೆಯಿಂದ ಬೆರಳಿಟ್ಟು ತೋರಿಸಿದರು. ಆ ಬೆರಳು ಇವತ್ತಿಗೂ ನೆನಪಿದೆ. ಅದಕ್ಕೇ ಕಾಲೇಜಿನ ಹೆಸರನ್ನು ಕೊನೆಗೆ ಇಟ್ಟುಕೊಂಡು, ಉಳಿದದ್ದನ್ನು ಮೊದಲು ನೋಡೋಣ.

ಹೆಜ್ಜೆ 1: ಎಲ್ಲಿ ಕೂರುತ್ತೀರಿ ಎಂದು ತೀರ್ಮಾನಿಸಿ

ಪಕ್ಕಾ ತೀರ್ಮಾನ ಬೇಡ, ಅಂದಾಜು ಸಾಕು. ನಮ್ಮ ಭಾಗದಲ್ಲಿ ದಾರಿಗಳು ಹೆಚ್ಚೂಕಡಿಮೆ ಇವು. ತಾಲ್ಲೂಕು ಅಥವಾ ಜಿಲ್ಲಾ ಕೋರ್ಟಿನಲ್ಲಿ ವಕೀಲಿ. ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕೀಲಿ. ಜಡ್ಜ್ ಅಥವಾ ಸರ್ಕಾರಿ ಅಭಿಯೋಜಕರ ಪರೀಕ್ಷೆ. ಬ್ಯಾಂಕಿನ ಲಾ ಆಫೀಸರ್. ಬೆಂಗಳೂರು, ಹೈದರಾಬಾದಿನ ಕಂಪನಿ ಕೆಲಸ. ಈಗಾಗಲೇ ನೌಕರಿಯಲ್ಲಿದ್ದು, ಬಡ್ತಿಗೋ ತಿಳಿವಳಿಕೆಗೋ ಓದುವವರೂ ಇದ್ದಾರೆ.

ಒಂದೊಂದಕ್ಕೂ ಒಂದೊಂದು ಕಾಲೇಜು ಸರಿ. ಕಂಪನಿ ಕೆಲಸ ಬೇಕೆಂದರೆ ಕಾಲೇಜಿನ ಹೆಸರು, ಇಂಗ್ಲಿಷ್, ಇಂಟರ್ನ್‌ಶಿಪ್ ಇವೇ ಮುಖ್ಯ. ಶಹಾಪುರದ ಕೋರ್ಟಿನಲ್ಲಿ ಕೂರುವವನಿಗೆ ಬೆಂಗಳೂರಿನ ದುಬಾರಿ ಕಾಲೇಜಿನ ಹೆಸರಿಂದ ಒಂದು ವಕಾಲತ್ತೂ ಜಾಸ್ತಿ ಬರುವುದಿಲ್ಲ. ಅವನಿಗೆ ಬೇಕಾದದ್ದು ಪಹಣಿ ಓದಲು ಬರುವುದು, ದಾವೆ ಬರೆಯಲು ಬರುವುದು, ಎದುರು ಪಕ್ಷದ ಸಾಕ್ಷಿಗೆ ಪಾಟಿ ಸವಾಲು ಮಾಡಲು ಬರುವುದು.

ಇಲ್ಲಿನ ಕೆಲಸ ಎಂಥದು ಎಂದು ಸ್ವಲ್ಪ ಹೇಳಬೇಕು. 1948ರವರೆಗೆ ನಾವು ನಿಜಾಮರ ರಾಜ್ಯದಲ್ಲಿದ್ದೆವು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ಹಾಗಾಗಿ ಹಳೆ ಜಮೀನಿನ ಕೇಸು ಬಿಚ್ಚಿದರೆ ಉರ್ದು ಕಾಗದ ಸಿಗುತ್ತದೆ, 1954-55ರ ಖಾಸರಾ ಪಹಣಿ ಎಂಬ ಹಳೆ ಜಮೀನು ದಾಖಲೆ ಸಿಗುತ್ತದೆ, ಹೈದರಾಬಾದ್ ಗೇಣಿ ಕಾಯ್ದೆಯ ಮಾತು ಬರುತ್ತದೆ. ಮೈಸೂರಿನ ವಕೀಲರಿಗೆ ಈ ತಲೆನೋವು ಇಲ್ಲ. ಕೃಷ್ಣಾ ಮೇಲ್ದಂಡೆ, ಕಾರಂಜಾ ಯೋಜನೆಗಳಿಗೆ ಹೋದ ಜಮೀನಿನ ಪರಿಹಾರದ ಕೇಸುಗಳಿವೆ. ತೊಗರಿ ವ್ಯಾಪಾರದ ಊರಲ್ಲಿ ಚೆಕ್ ಬೌನ್ಸಿಗೆ ಬರವಿಲ್ಲ. ಪಾಲು ಕೇಳುವ ದಾವೆ, ಅಪಘಾತದ ಪರಿಹಾರ, ಜೀವನಾಂಶ. ಇವು ನಮ್ಮ ಅನ್ನ.

ಇನ್ನು ಹೈಕೋರ್ಟ್. ಕಲಬುರಗಿಗೆ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ ಕೇಸುಗಳು ಇಲ್ಲಿಗೇ ಬರುತ್ತವೆ. ಮುಂಚೆ ಹೈಕೋರ್ಟ್ ವಕೀಲ ಆಗಬೇಕೆಂದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಬೇಕಿತ್ತು. ಈಗ ಓದುವಾಗಲೇ ಹೈಕೋರ್ಟ್ ಸೀನಿಯರ್ ಒಬ್ಬರ ಆಫೀಸಿಗೆ ಸಂಜೆ ಹೋಗಿ ಬರಬಹುದು. ಕಲಬುರಗಿಯಲ್ಲಿ ಓದುವುದರ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಬಹಳ ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೆಜ್ಜೆ 2: ಮೂರು ವರ್ಷವೋ, ಐದು ವರ್ಷವೋ

ಪಿಯುಸಿ ಆದ ಮೇಲೆ ಐದು ವರ್ಷದ ಕೋರ್ಸ್. ಯಾವುದಾದರೂ ಡಿಗ್ರಿ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಎರಡಕ್ಕೂ ದೇಶದ ವಕೀಲರ ಪರಿಷತ್ತಾದ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮ ಒಂದೇ: ಕನಿಷ್ಠ ಶೇ 45 ಅಂಕ, ಹಿಂದುಳಿದ ವರ್ಗದವರಿಗೆ ಶೇ 42, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40.

ಲಾ ಮಾಡುವುದು ಖಚಿತ ಎಂದಿದ್ದರೆ ಐದು ವರ್ಷ ಹಿಡಿಯಿರಿ, ಒಂದು ವರ್ಷ ಉಳಿಯುತ್ತದೆ. ಖಚಿತ ಇಲ್ಲದಿದ್ದರೆ ಸುಮ್ನೆ ಬಿಎ ಅಥವಾ ಬಿಕಾಂ ಮುಗಿಸಿ. ಐದು ವರ್ಷದ ಕೋರ್ಸಿಗೆ ಸೇರಿ ಮೂರನೇ ವರ್ಷಕ್ಕೆ ಮನಸ್ಸು ಬದಲಾದವರು ಪಡುವ ಪಾಡು ನೋಡಿದ್ದೇನೆ.

ನಮ್ಮ ಕಡೆ ಜಾಸ್ತಿ ಜನ ಎಡವುವುದು ಮುಕ್ತ ವಿಶ್ವವಿದ್ಯಾಲಯದ ಡಿಗ್ರಿಯಲ್ಲಿ. ಹತ್ತನೇ ತರಗತಿ, ಪಿಯುಸಿ ಪಾಸಾಗಿ, ಆಮೇಲೆ ಡಿಗ್ರಿಯನ್ನು ಅಂಚೆ ಶಿಕ್ಷಣದಲ್ಲಿ ಮಾಡಿದ್ದರೆ ತೊಂದರೆಯಿಲ್ಲ. ಪಿಯುಸಿ ಇಲ್ಲದೆ ನೇರವಾಗಿ ಡಿಗ್ರಿ ಪಡೆದಿದ್ದರೆ ಬಾರ್ ಕೌನ್ಸಿಲ್ ನಿಯಮದಂತೆ ಅರ್ಹತೆ ಇಲ್ಲ. ಕಾಲೇಜಿನವರು ಫೀ ಕಟ್ಟಿಸಿಕೊಂಡಾರು, ಸನದಿನ (ವಕೀಲರಾಗಿ ನೋಂದಣಿಯ) ಹೊತ್ತಿಗೆ ಕಾಗದ ಬಿಚ್ಚಿದಾಗ ಅಡ್ಡಿ ಬರುತ್ತದೆ. ಮೂರು ವರ್ಷ ನೀರಿಗೆ ಹೋದ ಮೇಲೆ ಅತ್ತು ಏನು ಫಲ?

ಹೆಜ್ಜೆ 3: ಕಾಲೇಜಿನ ಕಾಗದ ನೋಡಿ

ಎರಡು ಕಾಗದ. ಒಂದು, ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಪತ್ರ. ಇನ್ನೊಂದು, ವಿಶ್ವವಿದ್ಯಾಲಯದ ಸಂಯೋಜನೆ. ಕಲಬುರಗಿಯ ಹಳೆಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜೂ ಸೇರಿದಂತೆ ನಮ್ಮ ಭಾಗದ ಕಾಲೇಜುಗಳು ಸಾಮಾನ್ಯವಾಗಿ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಅಂದರೆ ಸಿಲೆಬಸ್ ಒಂದೇ, ಪ್ರಶ್ನೆಪತ್ರಿಕೆ ಒಂದೇ, ಡಿಗ್ರಿ ಮೇಲಿನ ಮುದ್ರೆಯೂ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಪಾಠದಲ್ಲಿ, ಲೈಬ್ರರಿಯಲ್ಲಿ, ಕೋರ್ಟಿಗೆ ಕರೆದುಕೊಂಡು ಹೋಗುವುದರಲ್ಲಿ.

ಮಾನ್ಯತೆ ಪತ್ರ ತೋರಿಸಿ ಎಂದು ಆಫೀಸಿನಲ್ಲಿ ಕೇಳಿ. ನಾಚಿಕೆ ಬೇಡ. ಅದರಲ್ಲಿ ಮೂರು ವಿಷಯ ಓದಿ: ಯಾವ ಕೋರ್ಸಿಗೆ, ಎಷ್ಟು ಸೆಕ್ಷನ್‌ಗೆ, ಯಾವ ವರ್ಷದವರೆಗೆ. ಒಂದು ಸೆಕ್ಷನ್ ಎಂದರೆ 60 ಜನ. ಮೂರು ವರ್ಷದ ಕೋರ್ಸಿಗೆ ಮಾನ್ಯತೆ ಇದ್ದರೆ ಐದು ವರ್ಷದ್ದಕ್ಕೂ ಇದೆ ಎಂದು ಅರ್ಥವಲ್ಲ. 2025ರ ಆಗಸ್ಟ್‌ನಲ್ಲಿ ಬಾರ್ ಕೌನ್ಸಿಲ್ ಮೂರು ವರ್ಷ ಹೊಸ ಲಾ ಕಾಲೇಜುಗಳಿಗೆ ತಡೆ ಹಾಕಿದೆ. ಇದ್ದ ಕಾಲೇಜುಗಳೂ ಅದರ ಅನುಮತಿ ಇಲ್ಲದೆ ಹೊಸ ಸೆಕ್ಷನ್, ಹೊಸ ಕೋರ್ಸ್ ತೆರೆಯುವಂತಿಲ್ಲ. "ಈ ವರ್ಷ ಹೊಸದಾಗಿ ಶುರು ಮಾಡೀವ್ರಿ" ಎಂದು ಯಾರಾದರೂ ಹೇಳಿದರೆ ಅನುಮತಿ ಪತ್ರ ಕಣ್ಣಾರೆ ನೋಡುವವರೆಗೆ ಚೀಲದಿಂದ ದುಡ್ಡು ತೆಗೆಯಬೇಡಿ.

ಅಂಚೆ ಶಿಕ್ಷಣದ ಎಲ್‌ಎಲ್‌ಬಿ, ಭಾನುವಾರ ಮಾತ್ರ ಕ್ಲಾಸಿನ ಎಲ್‌ಎಲ್‌ಬಿ, "ಪರೀಕ್ಷೆಗೆ ಬಂದ್ರ ಸಾಕು" ಎನ್ನುವ ಹೊರರಾಜ್ಯದ ಎಲ್‌ಎಲ್‌ಬಿ: ಇವುಗಳ ಪಾಂಪ್ಲೆಟ್ ಬಸ್ ಸ್ಟ್ಯಾಂಡಿನ ಕಂಬಕ್ಕೂ ಅಂಟಿರುತ್ತದೆ. ನಿಯಮದಂತೆ ಎಲ್‌ಎಲ್‌ಬಿ ಹಗಲು ಹೊತ್ತಿನ ಪೂರ್ಣಾವಧಿ ಕೋರ್ಸ್. ಪ್ರತಿ ವಿಷಯದಲ್ಲೂ ಶೇ 70 ಹಾಜರಿ ಬೇಕು. ಹುಮನಾಬಾದಿನಿಂದ ದಿನಾ ಕಲಬುರಗಿಗೆ ಓಡಾಡುತ್ತೇನೆ ಎನ್ನುವವರು, ನೌಕರಿ ಜೊತೆಗೆ ಓದುತ್ತೇನೆ ಎನ್ನುವವರು ಈ ಎಪ್ಪತ್ತನ್ನು ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಹಾಕಿ.

ಹೆಜ್ಜೆ 4: ಮಂಗಳವಾರ ಹನ್ನೊಂದು ಗಂಟೆಗೆ ಹೋಗಿ

ಅಡ್ಮಿಷನ್ ದಿನ ಹೋದರೆ ಎಲ್ಲ ಕಾಲೇಜೂ ಚೆಂದ. ಸಾಧಾರಣ ಕೆಲಸದ ದಿನ, ಹೇಳದೆ ಕೇಳದೆ ಹೋಗಬೇಕು. ಹೋದ ವರ್ಷ ಅಣ್ಣನ ಮಗಳನ್ನು ಕರೆದುಕೊಂಡು ಒಂದು ಕಾಲೇಜಿಗೆ ಹೋಗಿದ್ದೆ. ಊರು, ಹೆಸರು ಬೇಡ. ಹೊರಗೆ ಬಣ್ಣ ಹೊಸದು. ಮೂರನೇ ಸೆಮಿಸ್ಟರ್ ಕ್ಲಾಸಿನಲ್ಲಿ ಏಳು ಮಂದಿ, ಅದರಲ್ಲಿ ಇಬ್ಬರು ಮೊಬೈಲಿನಲ್ಲಿ. ವಿದ್ಯಾರ್ಥಿಗಳು ಅಣಕು ವಾದ ಮಾಡುವ ಮೂಟ್ ಕೋರ್ಟ್ ಹಾಲಿಗೆ ಬೀಗ. ಸಿಪಾಯಿ ಕೀಲಿ ಹುಡುಕಿ ತಂದು ತೆಗೆದರೆ ಒಳಗೆ ಮುರಿದ ಬೆಂಚುಗಳು ಮಾಡಿನವರೆಗೆ. ಜಡ್ಜ್ ಕುರ್ಚಿಯ ಮೇಲೆ ಚುನಾವಣೆ ಸಮಯದ ರಟ್ಟಿನ ಡಬ್ಬಿ.

ಲೈಬ್ರರಿಗೆ ಹೋದೆವು. "ಭಾರತೀಯ ನ್ಯಾಯ ಸಂಹಿತೆ ಎಷ್ಟು ಪ್ರತಿ ಅದಾವ್ರಿ?" ಎಂದು ನಮ್ಮ ಹುಡುಗಿ ಕೇಳಿದಳು.

"ಐಪಿಸಿ ಭಾಳ ಅದಾವ ನೋಡವ್ವ."

2024ರ ಜುಲೈ 1ರಿಂದ ಹಳೆ ದಂಡ ಸಂಹಿತೆಯಾದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಸಿಆರ್‌ಪಿಸಿ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಜಾಗಕ್ಕೆ ಸಾಕ್ಷ್ಯ ಅಧಿನಿಯಮ. ಕೊಲೆಯ ಶಿಕ್ಷೆಗೆ ಸೆಕ್ಷನ್ 302 ಇದ್ದದ್ದು ಈಗ 103. ಮೋಸಕ್ಕೆ 420 ಇದ್ದದ್ದು ಈಗ 318. ಹಳೆ ಕೇಸುಗಳು ಇನ್ನೂ ನಡೆಯುತ್ತಿರುವುದರಿಂದ ಐಪಿಸಿ ಗೊತ್ತಿರಬೇಕು ನಿಜ. ಆದರೆ ಹೊಸ ಪುಸ್ತಕವೇ ಇಲ್ಲದ ಲೈಬ್ರರಿ ಎಂದರೆ ಅಲ್ಲಿಗೆ ಯಾರೂ ಬರುವುದಿಲ್ಲ ಎಂದೇ ಅರ್ಥ. ಪುಸ್ತಕದ ಹಿಂದಿನ ಪುಟದ ತಾರೀಖಿನ ಚೀಟಿ ನೋಡಿ. ಕೊನೆಯ ಮುದ್ರೆ ಯಾವ ವರ್ಷದ್ದು? ಪ್ರಿನ್ಸಿಪಾಲರ ಭಾಷಣಕ್ಕಿಂತ ಆ ಚೀಟಿ ನಂಬಿಕಸ್ಥ.

ಹೋದಾಗ ವಿದ್ಯಾರ್ಥಿಗಳ ಜೊತೆ ಮಾತಾಡಿ. ಆಫೀಸಿನವರು ತೋರಿಸಿದವರ ಜೊತೆಯಲ್ಲ, ಚಹಾದಂಗಡಿಯಲ್ಲಿ ನಿಂತವರ ಜೊತೆ. "ಕಾಲೇಜ್ ಚಲೋ ಐತೇನು?" ಎಂದು ಕೇಳಿದರೆ "ಐತ್ರಿ" ಎನ್ನುತ್ತಾರೆ, ಮುಗಿಯಿತು. ಹೀಗೆ ಕೇಳಿ:

- ನಿನ್ನೆ ಎಷ್ಟು ಕ್ಲಾಸ್ ನಡೆದವು? ಯಾರು ತೆಗೆದುಕೊಂಡರು?
- ಕಾಯಂ ಮೇಷ್ಟ್ರು ಎಷ್ಟು, ಗೆಸ್ಟ್ ಎಷ್ಟು?
- ನೀವು ಮೂಟ್ ಕೋರ್ಟಿನಲ್ಲಿ ನಿಂತು ವಾದ ಮಾಡಿದ್ದೀರಾ, ಇಲ್ಲಾ ರೆಕಾರ್ಡ್ ಬುಕ್ ಬರೆದು ಕೊಟ್ಟಿರಾ?
- ಕೋರ್ಟ್ ಡೈರಿಗೆ ನಿಜವಾಗಿ ಕೋರ್ಟಿಗೆ ಹೋಗಿದ್ದಿರಾ?

ಕೊನೆಯ ಎರಡು ಪ್ರಶ್ನೆಗೆ ಕಾರಣವಿದೆ. ಪ್ರತಿ ವಿದ್ಯಾರ್ಥಿ ಕನಿಷ್ಠ ಮೂರು ಮೂಟ್ ಮಾಡಬೇಕು, ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ಕೂತು ನೋಡಿ ಬರೆಯಬೇಕು, ವಕೀಲರ ಆಫೀಸಿನಲ್ಲಿ ಕಕ್ಷಿದಾರರ ಮಾತು ಕೇಳಬೇಕು ಎಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಮೂರು ವರ್ಷದ ಕೋರ್ಸಿಗೆ ಒಟ್ಟು 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಇರಬೇಕು. ಬಹಳ ಕಡೆ ಸೀನಿಯರ್ ಬ್ಯಾಚಿನ ರೆಕಾರ್ಡ್ ನೋಡಿ ಕಾಪಿ ಹೊಡೆಯುತ್ತಾರೆ. ಒಬ್ಬ ಹುಡುಗನ ಡೈರಿಯಲ್ಲಿ ನಾನೇ ಕಂಡಿದ್ದೇನೆ: ಅವನು ವಿಚಾರಣೆ ನೋಡಿದ ತಾರೀಖು ಭಾನುವಾರ.

ಹೆಜ್ಜೆ 5: ಭಾಷೆಯ ಲೆಕ್ಕ

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಮೊದಲ ಹೆದರಿಕೆ ಇಂಗ್ಲಿಷ್. ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಧೈರ್ಯವಾಗಿ ಬರೆಯಿರಿ, ಅದರಲ್ಲಿ ಕೀಳರಿಮೆ ಬೇಡ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಮಾತಾಡುವುದು ಕನ್ನಡದಲ್ಲೇ. "ಹೊಲದ ಬದುವಿನ್ಯಾಗ ನಿಂತಿದ್ದ" ಎಂದು ಸಾಕ್ಷಿ ಹೇಳಿದಾಗ ಬದು ಎಂದರೇನು ಎಂದು ಗೊತ್ತಿರುವ ವಕೀಲನೇ ಗೆಲ್ಲುತ್ತಾನೆ.

ಆದರೆ ಹೈಕೋರ್ಟ್ ಕೆಲಸವೆಲ್ಲ ಇಂಗ್ಲಿಷ್, ತೀರ್ಪುಗಳೂ ಇಂಗ್ಲಿಷ್. ಕರ್ನಾಟಕದ ಸಿವಿಲ್ ಜಡ್ಜ್ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರಕ್ಕೇ ಒಂದು ಪತ್ರಿಕೆ ಇದೆ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ಕಾನ್ವೆಂಟಿನಲ್ಲಿ ಓದಿದವರು ಅದರಲ್ಲೇ ಮುಗ್ಗರಿಸಿದ್ದನ್ನು ನೋಡಿದ್ದೇನೆ. ಹಾಗಾಗಿ ಎರಡರಲ್ಲಿ ಒಂದು ಅನ್ನುವ ಜಗಳ ಬೇಡ. ಪರೀಕ್ಷೆ ಯಾವ ಭಾಷೆಯಲ್ಲೇ ಬರೆಯಿರಿ, ಬೇರ್ ಆಕ್ಟ್ (ವಿವರಣೆ ಇಲ್ಲದ ಮೂಲ ಕಾಯ್ದೆಯ ಪುಸ್ತಕ) ಮಾತ್ರ ಇಂಗ್ಲಿಷಿನದ್ದೂ ಕನ್ನಡದ್ದೂ ಪಕ್ಕಪಕ್ಕ ಇಟ್ಟುಕೊಂಡು ದಿನಕ್ಕೆ ಎರಡು ಸೆಕ್ಷನ್ ಓದಿ. ಕಾಲೇಜಿನಲ್ಲಿ ಕೇಳಬೇಕಾದದ್ದು ಇಷ್ಟೇ: ಮೇಷ್ಟ್ರು ಎರಡೂ ಭಾಷೆಯಲ್ಲಿ ವಿವರಿಸುತ್ತಾರಾ?

ಹೆಜ್ಜೆ 6: ರಾಷ್ಟ್ರೀಯ ಕಾನೂನು ಶಾಲೆಗಳ ಆಸೆ ಇದ್ದರೆ

ಇಂಗ್ಲಿಷ್ ಓದುವ ವೇಗ ಚೆನ್ನಾಗಿದ್ದರೆ ಪ್ರಯತ್ನ ಮಾಡಲೇಬೇಕು. ಅಲ್ಲಿಗೆ ಸೇರಲು ಬರೆಯುವ ಕ್ಲ್ಯಾಟ್ ಪರೀಕ್ಷೆ ಸಾಮಾನ್ಯವಾಗಿ ಡಿಸೆಂಬರ್ ಮೊದಲ ವಾರ, ಅಂದರೆ ದ್ವಿತೀಯ ಪಿಯುಸಿಯ ನಡುವೆಯೇ ಬರುತ್ತದೆ. ಫಲಿತಾಂಶ ಬಂದ ಮೇಲೆ ಯೋಚಿಸೋಣ ಎಂದರೆ ಬಸ್ ಹೋಗಿರುತ್ತದೆ. 120 ಪ್ರಶ್ನೆ, ಎರಡು ಗಂಟೆ, ತಪ್ಪಿಗೆ ಕಾಲು ಅಂಕ ಕಡಿತ, ಇಂಗ್ಲಿಷಿನಲ್ಲಿ ಮಾತ್ರ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25 ಮೀಸಲು ಇದೆ. ಡಿಗ್ರಿ ಆದವರಿಗೆ ಅಲ್ಲೇ ಮೂರು ವರ್ಷದ ಕೋರ್ಸ್ ಕೂಡ 2022ರಿಂದ ನಡೆಯುತ್ತಿದೆ, ಅದಕ್ಕೆ ಬೇರೆ ಪರೀಕ್ಷೆ. ಖರ್ಚು ವರ್ಷಕ್ಕೆ ಲಕ್ಷಗಳಲ್ಲಿ. ವಿದ್ಯಾರ್ಥಿವೇತನ, ಬ್ಯಾಂಕ್ ಸಾಲ ಎರಡನ್ನೂ ಮೊದಲೇ ವಿಚಾರಿಸಿ.

ಹೆಜ್ಜೆ 7: 371ಜೆ ಮತ್ತು ದುಡ್ಡು

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರಿಗೆ ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಮೀಸಲು. ನೀವು ಸೇರುವ ಕಾಲೇಜಿನ ಯಾವ ಸೀಟುಗಳಿಗೆ ಅದು ಅನ್ವಯ ಎಂದು ಆಫೀಸಿನಲ್ಲೇ ಕೇಳಿ. ಸಹಾಯಕ ಆಯುಕ್ತರಿಂದ ಬರುವ ಅರ್ಹತಾ ಪ್ರಮಾಣಪತ್ರವನ್ನು ಅಡ್ಮಿಷನ್ ಗದ್ದಲಕ್ಕೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ, ಮುಂದೆ ನೌಕರಿಗೂ ಅದೇ ಆಧಾರ. ಜಾತಿ, ಆದಾಯ ಪ್ರಮಾಣಪತ್ರ, ಟಿಸಿ, ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಮೈಗ್ರೇಷನ್ ಕೂಡ ರೆಡಿ ಇರಲಿ.

ಫೀ ಎಷ್ಟು ಎಂದು ಕೇಳಬೇಡಿ. ಕೋರ್ಸ್ ಮುಗಿಯುವವರೆಗೆ ಒಟ್ಟು ಎಷ್ಟು ಎಂದು ಕೇಳಿ: ಅಡ್ಮಿಷನ್, ಪ್ರತಿ ವರ್ಷದ ಫೀ, ಪರೀಕ್ಷಾ ಫೀ, ಸಮವಸ್ತ್ರ. ರಸೀದಿ ಇಲ್ಲದ ದುಡ್ಡು ಎಷ್ಟು ಎಂಬುದನ್ನು ಅವರೇ ಬಾಯಿಬಿಡುವವರೆಗೆ ಸುಮ್ಮನೆ ಕೂತುಕೊಳ್ಳಿ. ಹಾಸ್ಟೆಲ್, ಎಸ್‌ಎಸ್‌ಪಿ ಪೋರ್ಟಲಿನ ವಿದ್ಯಾರ್ಥಿವೇತನ ಇವಕ್ಕೆ ತಡ ಮಾಡದೆ ಅರ್ಜಿ ಹಾಕಿ.

ಯಾರೂ ಹೇಳದ ಖರ್ಚು ಡಿಗ್ರಿ ಆದ ಮೇಲಿನದು. ಮೊದಲ ಎರಡು ಮೂರು ವರ್ಷ ಜೂನಿಯರ್‌ಗೆ ಸಿಗುವುದು ಪೆಟ್ರೋಲು, ಚಹಾ ಖರ್ಚಿನಷ್ಟೇ. ಐದು ವರ್ಷದ ಓದಿಗೆ ಇದ್ದಬದ್ದದ್ದನ್ನೆಲ್ಲ ಸುರಿದರೆ ಆ ವರ್ಷಗಳನ್ನು ದಾಟುವುದು ಕಷ್ಟ, ನಡುವೆಯೇ ವಕೀಲಿ ಬಿಡುತ್ತಾರೆ. ಮುಖ್ಯವಾಗಿ ಹೆಣ್ಣುಮಕ್ಕಳು. ಓದಿನ ಬಜೆಟ್ಟಿನಲ್ಲೇ ಈ ವರ್ಷಗಳಿಗೂ ಸ್ವಲ್ಪ ತೆಗೆದಿಡಿ. ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರಿಗೆ ತರಬೇತಿ ಅವಧಿಯ ಶಿಷ್ಯವೇತನ ಸರ್ಕಾರದಿಂದ ಇದೆ. ಜಿಲ್ಲಾ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಹೆಜ್ಜೆ 8: ಕೊನೆಯಿಂದ ಹಿಂದಕ್ಕೆ ಎಣಿಸಿ

ಡಿಗ್ರಿ ಆದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನದು. ನೋಂದಣಿ ಫೀ ಕಾಯ್ದೆಯಲ್ಲಿ ಇರುವ 750 ರೂಪಾಯಿ ದಾಟಬಾರದು, ಪರಿಶಿಷ್ಟರಿಗೆ 125 ರೂಪಾಯಿ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. 100 ಪ್ರಶ್ನೆ, ಬೇರ್ ಆಕ್ಟ್ ಒಳಗೆ ಒಯ್ಯಬಹುದು. ಪಾಸಾಗಲು ಶೇ 45, ಪರಿಶಿಷ್ಟರಿಗೆ ಶೇ 40. ಬೇರ್ ಆಕ್ಟ್ ತಿರುವಿ ಅಭ್ಯಾಸ ಇದ್ದವರಿಗೆ ಸುಲಭ, ಗೈಡ್ ಓದಿದವರಿಗೆ ಕಷ್ಟ.

ಜಡ್ಜ್ ಆಗುವ ಕನಸಿದ್ದವರು ಇದನ್ನು ಗೋಡೆಗೆ ಬರೆದುಕೊಳ್ಳಿ: 2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ಜಡ್ಜ್ ಹುದ್ದೆಗೆ ಮೂರು ವರ್ಷ ವಕೀಲಿ ಮಾಡಿರಬೇಕು ಎಂದು ತೀರ್ಪು ಕೊಟ್ಟಿತು. ಕಾಲೇಜಿನಿಂದ ನೇರ ಪರೀಕ್ಷೆಗೆ ಹೋಗುತ್ತೇನೆ ಎಂಬ ಲೆಕ್ಕ ಹಿಡಿದು ಕಾಲೇಜು ಆರಿಸಬೇಡಿ. ಯಾರ ಆಫೀಸಿನಲ್ಲಿ ಆ ಮೂರು ವರ್ಷ ಕಳೆಯುತ್ತೀರಿ ಎಂಬುದನ್ನು ಕಾಲೇಜು ಆರಿಸುವಾಗಲೇ ಯೋಚಿಸಿ. ಎರಡನೇ ವರ್ಷದಿಂದಲೇ ಬೇಸಿಗೆ ರಜೆಯಲ್ಲಿ ಒಬ್ಬ ಸೀನಿಯರ್ ಹತ್ತಿರ ಹೋಗಿ ಕೂತರೆ, ಡಿಗ್ರಿ ಮುಗಿದಾಗ ಕುರ್ಚಿ ಹುಡುಕುವ ಕೆಲಸ ಉಳಿಯುವುದಿಲ್ಲ.

ಅಣ್ಣನ ಮಗಳು ಆ ಬೀಗದ ಕಾಲೇಜಿಗೆ ಸೇರಲಿಲ್ಲ. ಇನ್ನೂ ಎರಡು ಕಾಲೇಜು ನೋಡಿ, ಬಣ್ಣ ಮಾಸಿದ ಒಂದಕ್ಕೆ ಸೇರಿದಳು. ಅಲ್ಲಿ ಲೈಬ್ರರಿಯಲ್ಲಿ ಕೂರಲು ಕುರ್ಚಿ ಸಿಗಲಿಲ್ಲವಂತೆ, ಅಷ್ಟು ಜನ ಓದುತ್ತಿದ್ದರು. ಶನಿವಾರ ಸಂಜೆ ನಮ್ಮ ಆಫೀಸಿಗೆ ಬರುತ್ತಾಳೆ. ಮೊನ್ನೆ ಚಿಂಚೋಳಿ ಕಡೆಯ ಒಂದು ಪಾಲಿನ ದಾವೆಯ ಕಟ್ಟು ಬಿಚ್ಚಿ ಕೊಟ್ಟೆ. ಖಾಸರಾ ಪಹಣಿ ತೆಗೆದು ಬೆಳಕಿಗೆ ಹಿಡಿದು ನೋಡಿ, "ಕಾಕಾ, ಇದನ್ನ ಓದಾಕ ಉರ್ದು ಬರೋರು ಯಾರದಾರ?" ಎಂದಳು. ಪಕ್ಕದ ಟೇಬಲಿನ ಹಿರಿಯ ಗುಮಾಸ್ತರತ್ತ ಕೈ ತೋರಿಸಿದೆ. ಕುರ್ಚಿ ಎಳೆದುಕೊಂಡು ಅವರ ಪಕ್ಕ ಹೋಗಿ ಕೂತಳು.